ತೊಟ್ಟಿಲ ಹಗ್ಗ ಹಿಡಿದ ವಿದ್ಯಾರ್ಥಿನಿ

ಇಳಕಲ್, ಆಗಸ್ಟ್ ೧೯೮೩

ವಿದೇಶಿ ವಿದ್ಯಾರ್ಥಿಗಳ ವಾಸ್ತವ್ಯ ನೋಡಿಕೊಳ್ಳುವ ಅಧಿಕಾರಿಗಳಿಗೆ

ಮಾನ್ಯರೇ,

ಕನ್ನಡ ಕಲಿಯಲು ಜರ್ಮನಿಯಿಂದ ಬಂದಿದ್ದ ಗೆರ್ಡಾಳನ್ನು ನೀವು ನಮ್ಮ ಮನೆಯಿಂದ ಬಿಡಿಸಿ ಬಾದಾಮಿಯ ಅತಿಥಿಗೃಹದಲ್ಲಿ ಇರಿಸಿ ಇಂದಿಗೆ ಒಂಬತ್ತು ದಿನವಾಯಿತು. ವಿದೇಶಿ ವಿದ್ಯಾರ್ಥಿನಿಯನ್ನು ಮನೆಗೆಲಸಕ್ಕೆ ಹಚ್ಚಿ ದೇಶದ ಘನತೆಗೆ ಕುಂದು ತರಲಾಗಿದೆ ಎಂಬುದು ನಿಮ್ಮ ಆದೇಶದ ಒಕ್ಕಣೆ. ಐದು ತಿಂಗಳ ಕೂಸಿನೊಂದಿಗೆ ಒಂದು ನೇಕಾರರ ಮನೆಯಲ್ಲಿ ನಿದ್ದೆಗೆಟ್ಟು ಕೂತ ನನ್ನಂಥವಳಿಂದ ದೇಶದ ಘನತೆ ಅಲುಗಾಡಬಹುದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಇನ್ನಷ್ಟು ಹುಷಾರಾಗಿ ಇರುತ್ತಿದ್ದೆ.

ಆಕೆ ತಾನಾಗಿ ನಮ್ಮ ಮನೆ ಹುಡುಕಿಕೊಂಡು ಬಂದವಳಲ್ಲ. ಬಾಗಲಕೋಟೆಯ ಕಾಲೇಜಿನಲ್ಲಿ ನನಗೆ ಪಾಠ ಹೇಳಿದ ಗುರುಗಳಿಗೆ ಅವಳ ಪ್ರಾಧ್ಯಾಪಕರು ಕಾಗದ ಬರೆದಿದ್ದರು: ಬೇಸಿಗೆ ರಜೆ ಕಳೆಯಲು ಒಂದು ಮನೆ ಬೇಕು, ಅಲ್ಲಿ ಯಾರೂ ಅವಳ ಜೊತೆ ಇಂಗ್ಲಿಷ್ ಆಡಕೂಡದು. ಅವರ ಬೇಸಿಗೆ ನಮ್ಮ ಆಷಾಢ, ಶ್ರಾವಣ. ಗುರುಗಳು ನನ್ನನ್ನು ನೆನಪಿಸಿಕೊಂಡರು. ಮೂರು ವರ್ಷ ಇಂಗ್ಲಿಷ್ ಓದಿ ಬಿ.ಎ. ಆದವಳು ನಾನು. ಆ ಭಾಷೆಯಲ್ಲಿ ನಾಟಕದ ಗುಣದೋಷ ಎರಡು ಪುಟ ಬರೆಯಬಲ್ಲೆ. ಕೂಸಿಗೆ ಹೊಟ್ಟೆನೋವು ಎಂದು ಹೇಳಲು ತಡವರಿಸುತ್ತೇನೆ. ಪುಸ್ತಕದಿಂದ ಕಲಿತ ಭಾಷೆಯ ಹಣೆಬರಹ ನನಗೆ ಗೊತ್ತು ಎಂದೇ ಅವಳನ್ನು ಕರೆಸಿಕೊಂಡೆ.

ನಮ್ಮ ಅತ್ತೆ ಸಾವಂತ್ರವ್ವ ಮೊದಲ ದಿನವೇ ಅವಳನ್ನು ಗಿರ್ಜಾ ಮಾಡಿದರು. ಜೋಳ ಹಸನು ಮಾಡಲು ಮೊರ ಕೊಟ್ಟರು. ಹರಳು ಬಿಟ್ಟರೆ ಬೈದರು, ಬೈಗುಳ ತಿಳಿಯದಿದ್ದರೆ ಅರ್ಥ ಹೇಳಿ ಮತ್ತೆ ಬೈದರು. ಪರದೇಶಕ್ಕೆ ಭಾಷೆ ಕಲಿಯಲು ಹೋದವರಿಗೆ ಬೇಕಾದ್ದೇನು, ನೀವೇ ಹೇಳಿ. ಗುಡಿಗಳ ಪಟ್ಟಿಯೋ, ಇಲ್ಲಾ ತಪ್ಪು ಮಾಡಲು ಒಂದು ಕೆಲಸ ಮತ್ತು ತಿದ್ದಲು ಒಬ್ಬ ಮುದುಕಿಯೋ?

ಆದರೂ ನಿಮ್ಮ ಆದೇಶದ ಒಂದು ಮಾತು ನನ್ನನ್ನು ಚುಚ್ಚುತ್ತಲೇ ಇದೆ. ತೊಟ್ಟಿಲು ತೂಗಿಸಿದ್ದು ನಿಜ. ನನ್ನ ಕೂಸು ಮಗ್ಗದ ಸದ್ದಿಗೆ ಮಲಗುತ್ತದೆ, ಮಗ್ಗ ನಿಂತರೆ ಏಳುತ್ತದೆ. ಅದು ಮಲಗಿದಾಗಲೂ ಉಸಿರಾಡುತ್ತಿದೆಯೇ ಎಂದು ಮೂಗಿನ ಹತ್ತಿರ ಬೆರಳು ಹಿಡಿದು ನೋಡುವವಳು ನಾನು. ಬಂದ ನಾಲ್ಕನೆಯ ದಿನ ಗೆರ್ಡಾ ನನ್ನ ಕೈಯಿಂದ ಹಗ್ಗ ತೆಗೆದುಕೊಂಡಳು. ಆ ಮಧ್ಯಾಹ್ನ ನಾನು ಎರಡು ತಾಸು ಮಲಗಿದೆ. ಆಮೇಲೆ ದಿನಾ ಮಲಗಿದೆ. ಅವಳ ರಜೆಯಿಂದ ನನ್ನ ನಿದ್ದೆಯನ್ನು ಕದ್ದುಕೊಂಡೆನೇ? ಈ ಪ್ರಶ್ನೆಯನ್ನು ನಿಮಗಿಂತ ಮೊದಲೇ ನಾನು ಕೇಳಿಕೊಂಡಿದ್ದೇನೆ.

ಉತ್ತರ ಸಿಕ್ಕಿದ್ದು ನಿಮ್ಮ ಕಚೇರಿಯವರು ಬಂದ ದಿನ. ಅವರು ಬಾಗಿಲಲ್ಲೇ ನಿಂತು ಆದೇಶವನ್ನು ಗಟ್ಟಿಯಾಗಿ ಓದತೊಡಗಿದಾಗ ಗೆರ್ಡಾ ಹಗ್ಗ ಬಿಡದೆ ಅಂದಳು: "ಸಣ್ಣಗ ಓದ್ರಿ ಸಾಹೇಬ್ರ, ಕೂಸು ಈಗರ ಮಲಗೇತಿ." ಈ ಮಾತು ಯಾವ ಪಾಠದಲ್ಲೂ ಇಲ್ಲ, ನಾವ್ಯಾರೂ ಹೇಳಿಕೊಟ್ಟದ್ದಲ್ಲ. ಎರಡು ವರ್ಷ ತನ್ನ ದೇಶದಲ್ಲಿ ಓದಿ, ಏಳು ಸಮುದ್ರ ದಾಟಿ ಬಂದ ಹುಡುಗಿಗೆ ಕನ್ನಡ ಸ್ವಂತದ್ದಾದ ಗಳಿಗೆ ಅದು. ನಿಮ್ಮವರು ಅದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು.

ಅವಳನ್ನು ಆಳಿನಂತೆ ದುಡಿಸುತ್ತೀರಿ ಎಂದು ಅವರು ಅತ್ತೆಯನ್ನು ಗದರಿಸಿದರು. ಅತ್ತೆ ಜೋಳದ ಮೊರ ಕೆಳಗಿಡದೆ ಕೇಳಿದರು: "ತೊಟ್ಟಿಲಾ ತೂಗಿದ್ರ ಆಳ ಆಗ್ತಾರೇನ್ರಿ? ಹಂಗಾದ್ರ ನಾ ಈ ಮನಿಗೆ ನಲವತ್ತ ವರ್ಷದ ಆಳ." ನಿಮ್ಮವರು ಆದೇಶ ಮಡಚಿ, ಗೆರ್ಡಾಳ ಪೆಟ್ಟಿಗೆಯನ್ನು ಹೊರಗೆ ತರಿಸಿದರು.

ಈಗ ಆಕೆಗೆ ನೀವು ನೇಮಿಸಿದ ಶಿಕ್ಷಕರಿದ್ದಾರೆ, ಗುಹೆ ತೋರಿಸುವವರಿದ್ದಾರೆ, ಮೇಜಿನ ಮೇಲೆ ಊಟ ಬರುತ್ತದೆ. ಮೊನ್ನೆ ಅವಳ ಕಾರ್ಡು ಬಂತು, ಗುಂಡು ಗುಂಡಾದ ಕನ್ನಡ ಅಕ್ಷರಗಳಲ್ಲಿ: "ಅಕ್ಕಾ, ಇಲ್ಲಿ ಎಲ್ಲಾರೂ ನನ್ನ ಜೋಡಿ ಇಂಗ್ಲಿಷ್ ಮಾತಾಡ್ತಾರ. ನನ್ನ ಇಂಗ್ಲಿಷ್ ಭಾಳ ಸುಧಾರಿಸೇತಿ. ಕೂಸು ಮಲಗ್ತೇತೇನು?" ಮಲಗುವುದಿಲ್ಲ. ನಾನೂ ಮಲಗುವುದಿಲ್ಲ. ಆದರೆ ಈ ಪತ್ರ ನನ್ನ ನಿದ್ದೆಗಾಗಿ ಅಲ್ಲ. ಗಿರ್ಜಾ ಬಂದರೆ ಹಗ್ಗ ನಾನೇ ಹಿಡಿಯುತ್ತೇನೆ ಎಂದು ಬೇಕಾದರೆ ಬರೆದುಕೊಡುತ್ತೇನೆ.

ತಿಂಗಳ ಕೊನೆಗೆ ಅವಳ ವಿಮಾನ. ಮುಂದಿನ ವಾರ ನಾಗರ ಪಂಚಮಿ. ನಮ್ಮ ಕಡೆ ಪಂಚಮಿಗೆ ಮಗಳನ್ನು ತವರಿಗೆ ಕರೆದು ತರಲು ಮನೆಯಿಂದ ಒಬ್ಬರು ಹೋಗಲೇಬೇಕು. ಅತ್ತೆ ಉಂಡಿಗೆ ಶೇಂಗಾ ಹುರಿದಿಟ್ಟಿದ್ದಾರೆ, ಜಂತಿಗೆ ಜೋಕಾಲಿ ಕಟ್ಟಿಸಿದ್ದಾರೆ. ನಮ್ಮ ಯಜಮಾನರು ಸೋಮವಾರ ಮೊದಲ ಬಸ್ಸಿಗೆ ಬಾದಾಮಿಗೆ ಬರುತ್ತಾರೆ. ಅನುಮತಿಗೆಂದು ಅವರು ತುಂಬಿ ತರುವ ನಿಮ್ಮ ಅರ್ಜಿಯಲ್ಲಿ ವಿದ್ಯಾರ್ಥಿನಿಗೂ ಮನೆಯವರಿಗೂ ಇರುವ ಸಂಬಂಧ ಕೇಳುವ ಒಂದು ಸಾಲಿದೆ. ಅಲ್ಲಿ ಮಗಳು ಎಂದು ಅತ್ತೆ ಹೇಳಿ ಬರೆಸಿದ್ದಾರೆ. ಕೆಳಗೆ ಅವರದೇ ಹೆಬ್ಬೆಟ್ಟಿದೆ. ಅನುಮತಿ ಕೊಟ್ಟು ಅವಳನ್ನು ಕಳಿಸಿ. ಕಳಿಸದೆ ಯಜಮಾನರೊಬ್ಬರೇ ಮರಳಿದರೆ, ಸಾವಂತ್ರವ್ವನಿಗೆ ನಾವು ಏನು ಹೇಳಬೇಕು ಎಂಬುದನ್ನು ಅದೇ ಅರ್ಜಿಯ ಹಿಂದೆ ಬರೆದುಕೊಡಿ. ದಯವಿಟ್ಟು ಕನ್ನಡದಲ್ಲಿ ಬರೆಯಿರಿ.

ಇಂತಿ,
ದಿನಕ್ಕೆ ಎರಡು ತಾಸು ಮಲಗಿದ ತಪ್ಪಿತಸ್ಥೆ,
ನೀಲಾಬಾಯಿ, ಬಿ.ಎ.