ದಾನಮ್ಮನ ಪ್ರಶ್ನೆಯ ಕೆಳಗೆ

ವಿಜಯಪುರ
ಫೆಬ್ರವರಿ ೩೧, ೨೨೯೪

ಬಸಲಿಂಗನಿಗೆ,

ನಮ್ಮ ಕ್ಯಾಲೆಂಡರಿನಲ್ಲಿ ಫೆಬ್ರವರಿಗೂ ಮೂವತ್ತೊಂದು ದಿನ, ಗಾಬರಿಯಾಗಬೇಡ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸು. ವಯಸ್ಸಿನಲ್ಲಿ ನೀನು ನನ್ನ ಮುತ್ತಜ್ಜನಿಗೂ ಹಿರಿಯ, ಆದರೂ ಬಿ.ಎ. ಓದುವ ಹುಡುಗನಿಗೆ ಬಹುವಚನ ಕೊಡಲು ನನಗೆ ಮನಸ್ಸಿಲ್ಲ. ನಿನ್ನ ಮೇಲೆ ನನಗೆ ವಿಪರೀತ ಹೊಟ್ಟೆಕಿಚ್ಚು.

ನಮ್ಮ ಕಾಲದ ಓದಿಗೆ ‘ತನ್ನೋದು’, ಅಂದರೆ ತನ್ನ ತನ್ನ ಓದು, ಎನ್ನುತ್ತೇವೆ. ಪುಸ್ತಕವೇ ಓದುವವರ ಬುದ್ಧಿಯನ್ನು ಅಳೆದು, ಅವರವರಿಗೆ ತಕ್ಕಂತೆ ತಾನೇ ಬದಲಾಗುತ್ತದೆ. ತಿಳಿಯದ ಸಾಲು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ನನ್ನ ಪುಟ ನನ್ನ ತಂಗಿಯ ಪುಟವಲ್ಲ. ಊಟಕ್ಕೆ ಕೂತಾಗ ಅವಳೊಂದು ಪುಸ್ತಕದ ಹೆಸರು ಹೇಳುತ್ತಾಳೆ, ನಾನೂ ಅದನ್ನೇ ಓದಿರುತ್ತೇನೆ, ಆದರೂ ಮಾತು ಮುಂದಕ್ಕೆ ಹೋಗುವುದಿಲ್ಲ. ಇಬ್ಬರೂ ರೊಟ್ಟಿ ಮುರಿದುಕೊಂಡು ಊಟ ಮುಗಿಸುತ್ತೇವೆ.

ಹಳೆಯ ಸಂಗ್ರಹದಲ್ಲಿ ನಿಮ್ಮ ತರಗತಿಯ ಅರ್ಥಶಾಸ್ತ್ರದ ಪಾಠ ಸಿಕ್ಕಿತು. ಎಲ್ಲರಿಗೂ ಒಂದೇ ಪುಟ! ಎಲ್ಲರೂ ಫೋನಿನಲ್ಲಿ ಅದನ್ನೇ ತೆರೆದು ಅಂಚಿನಲ್ಲಿ ಬರೆದಿದ್ದೀರಿ, ಜಗಳವಾಡಿದ್ದೀರಿ, ಬರಗಾಲದ ಪಾಠದ ನಡುವೆ ಮಿರ್ಚಿ ಭಜಿಯ ಸುದ್ದಿ ಎತ್ತಿ ಸರ್ ಕೈಲಿ ಬೈಸಿಕೊಂಡಿದ್ದೀರಿ. ಓದುತ್ತ ಓದುತ್ತ ನನಗೆ ಹೊಟ್ಟೆ ಉರಿಯಿತು. ನೀನೋ, ಟಿಪ್ಪಣಿಗೆ ಅಂಕವಿದೆ ಎಂದು, ಸಿಕ್ಕವರ ಮಾತಿನ ಕೆಳಗೆಲ್ಲ ‘ಕರೆಕ್ಟ್ ಐತಿ’ ಎಂದು ಒಗೆದು ಹೋಗಿದ್ದೀಯ. ಒಬ್ಬ ತನಗೆ ಜ್ವರ ಎಂದು ಬರೆದದ್ದಕ್ಕೂ ಅದೇ!

ಅದೇ ಪುಟದಲ್ಲಿ ನಿನ್ನ ಸಹಪಾಠಿ ದಾನಮ್ಮ ಕೇಳಿದ್ದಾಳೆ: ‘ಪ್ಯಾಟ್ಯಾಗ ಜ್ವಾಳ ಇತ್ತಂತ. ಮತ್ತ ಮಂದಿ ಹಸದು ಯಾಕ ಸತ್ರು? ನನಗೊಬ್ಬಾಕಿಗೇ ತಿಳೀವಲ್ದೇನು?’ ಅದರ ಕೆಳಗೂ ನೀನು ‘ಕರೆಕ್ಟ್ ಐತಿ’ ಎಂದಿದ್ದೀಯ. ಬೇರೆ ಯಾರೂ ಏನೂ ಬರೆದಿಲ್ಲ. ಮುಂದಿನ ಪಾಠಗಳಲ್ಲಿ ಅವಳ ಹೆಸರೇ ಇಲ್ಲ. ಪಾಠದ ಅದೇ ಜೋಳದ ಸಾಲಿಗೆ ನೀನೂ ಪ್ರಶ್ನಾರ್ಥಕ ಚಿಹ್ನೆ ಹಾಕಿ ಅಳಿಸಿದ್ದನ್ನು ನೋಡಿದ್ದೇನೆ. ಅಳಿಸಿದ್ದೂ ಇಲ್ಲಿ ಉಳಿದಿರುತ್ತದೆ.

ಹಿಂದಿನ ಕಾಲಕ್ಕೆ ನಾವು ಒಂದೇ ಒಂದು ಪತ್ರ ಕಳಿಸಬಹುದು. ಮೊದಲು ಅವಳಿಗೇ ಬರೆಯಲು ಕೂತೆ. ಜೋಳವಿದ್ದರೂ ಕೊಳ್ಳಲು ಜನರ ಕೈಯಲ್ಲಿ ಏನೂ ಇರಲಿಲ್ಲ ಎಂದು ನಿಮ್ಮೆಲ್ಲರಿಗಿಂತ ಚೆನ್ನಾಗಿ ವಿವರಿಸಬಲ್ಲೆ. ಆದರೆ ‘ನನಗೊಬ್ಬಾಕಿಗೇ’ ಎಂಬ ಅವಳ ಕೊನೆಯ ಪ್ರಶ್ನೆಗೆ ಉತ್ತರ, ತಿಳಿಯದ ಸಾಲನ್ನೇ ಕಾಣದ ನನ್ನಲ್ಲಿಲ್ಲ, ನಿನ್ನಲ್ಲಿದೆ. ಅದಕ್ಕೇ ನಿನ್ನನ್ನು ಕಂಡರೆ ನನಗೆ ಉರಿ. ನೀನು ಅದನ್ನು ಬರೆದ ದಿನವೇ ಈ ಪತ್ರ ನಿನಗೆ ಮುಟ್ಟುತ್ತದೆ. ಅವಳು ಆ ಪಾಠ ಮುಚ್ಚುವ ಮೊದಲು ಹೋಗಿ ಆ ಎರಡು ಪದ ಅಳಿಸು. ಅಲ್ಲಿ ಹೀಗೆ ಬರಿ: ‘ನನಗೂ ತಿಳದಿಲ್ಲ, ದಾನಮ್ಮ.’

ನಿನ್ನ ಕಂಡರಾಗದ,
ಜೇನವ್ವ