ಎಳ್ಳಮಾಸಿ ದಿನದ ರೀಡಿಂಗ್

೧೧ ಫೆಬ್ರುವರಿ ೨೦೨೫, ಮಂಗಳವಾರ. ಉಮರ್ಗಾ.

ಆ ವಹಿ ಭಾಳ ಚೊಕ್ಕ ಅದ. ಅದಕ್ಕ ನನಗ ಸಂಶಯ. ಕೆಮಿಕಲ್ ಕಾರ್ಖಾನಿಯವರು ಬೋರಿನಿಂದ ದಿನಾ ಎಷ್ಟು ನೀರು ಎಳೀತಾರ ಅಂತ ಬರದಿಟ್ಟ ವಹಿ. ಅದನ್ನ ನಂಬಿ, ಈ ನೀರು ಇನ್ನ ಹತ್ತ ವರ್ಷ ಸಾಲ್ತದ ಅಂತ ಅಂತರ್ಜಲ ತಪಾಸಣಿ ಮಾಡಾಕಿ ನಾ ಸಹಿ ಮಾಡಬೇಕು.

ದಿನಾ ಮೂವತ್ತೆಂಟು ಸಾವಿರ ಲೀಟರ್. ಒಮ್ಮೆ ನೂರು ಹೆಚ್ಚು, ಒಮ್ಮೆ ನೂರು ಕಡಿಮಿ. ಪಂಪ್ ನೋಡೋ ಕಾಶೆಪ್ಪಗ ಕೇಳಿದೆ. "ದಿನಾ ಮೀಟರ್ ಮುಂದ ನಿಂತೇ ಬರೀತೀನ್ರಿ ಅಕ್ಕಾರ" ಅಂದ. ಮಾರಿ ಮಾತ್ರ ಎತ್ತಲಿಲ್ಲ.

ಊಟ ಆದ ಮ್ಯಾಲೆ ಡಿಸೆಂಬರ್ ಪುಟ ಮತ್ತ ತಗದೆ. ಮೂವತ್ತನೇ ತಾರೀಖು, ಮೂವತ್ತೆಂಟು ಸಾವಿರದ ನೂರು. ಆವತ್ತು ಎಳ್ಳಮಾಸಿ, ಹೊಲಕ್ಕ ಪೂಜಿ ಮಾಡಿ ಅಲ್ಲೇ ಉಣ್ಣೋ ಹಬ್ಬ. ಊರಿಗೆ ಊರೇ ಹೊಲಕ್ಕ ಹೋಗಿತ್ತು, ಕಾರ್ಖಾನಿಗೂ ಕೀಲಿ, ಪಂಪಿಗೂ ಕೀಲಿ. ನಮ್ಮ ಪುಣೆದ ಸಾಹೇಬರಿಗೆ ಈ ಹಬ್ಬ ಗೊತ್ತಿಲ್ಲ, ಅವರು ಈ ಪುಟ ಸುಮ್ಮನ ದಾಟಿ ಹೋಗ್ತಾರ.

ಒಂದು ದಿನ ಸುಳ್ಳಾದ್ರ ಉಳಿದ ದಿನ ಹೆಂಗ ನಂಬಲಿ? ಕಾಶೆಪ್ಪ ಆವತ್ತು ಸಂಜಿತನ ಮುರುಮ ಊರಾಗಿನ ತನ್ನ ಹೊಲದಾಗೇ ಇದ್ದ. ನಿನಗ ಹೆಂಗ ಗೊತ್ತು ಅಂತ ಸಾಹೇಬರು ಕೇಳೇ ಕೇಳ್ತಾರ. ಆ ಹೊಲದಾಗ ನನಗ ಅಂಬಲಿ ಹಾಕಿದಾಂವ ಅಂವಾ, ಎರಡು ಸಲ ಹಾಕಿಸಿಕೊಂಡು ಕುಡದಾಕಿ ನಾ.