ತುಂಬಿಕೊಂಡೇ ಮರಳಿದ ಪಾತ್ರೆ

೩ ನವೆಂಬರ್ ೧೯೧೮, ಭಾನುವಾರ. ಚಾಮರಾಜಪೇಟೆ.

ವಾರವೆಲ್ಲ ಜ್ವರದ ಸಾವುಗಳೇ. ಮಣ್ಣು ಕೊಟ್ಟು ಕೊಟ್ಟು ತೋಳು ಸೋತಿದೆ. ಆದರೂ ಮನಸ್ಸು ಇವತ್ತಿನ ಕರ್ತನ ಭೋಜನದಲ್ಲಿ ಸಭೆಯವರೆಲ್ಲ ಒಂದೊಂದು ಗುಟುಕು ಕುಡಿಯಬೇಕಾದ ಆ ಒಂದೇ ದ್ರಾಕ್ಷಾರಸದ ಪಾತ್ರೆಯನ್ನು ಬಿಡುತ್ತಿಲ್ಲ.

ಸೊಸೆಯನ್ನು ಕಳೆದುಕೊಂಡ ಮಾರ್ತಮ್ಮ ಕೆಮ್ಮುತ್ತಲೇ ಸಾಲಿನಲ್ಲಿ ಕೂತು ಕುಡಿದಳು. ಅವಳ ನಂತರದವರೆಲ್ಲ ಪಾತ್ರೆಯನ್ನು ತುಟಿಯವರೆಗೆ ಎತ್ತಿ ಪಕ್ಕದವರಿಗೆ ದಾಟಿಸಿದರು. ಒಬ್ಬರ ಗಂಟಲೂ ಅಲುಗಲಿಲ್ಲ. ಹೋದ ವಾರ ಕುರಿಗಳಿಗಾಗಿ ಪ್ರಾಣ ಕೊಡುವ ಒಳ್ಳೆಯ ಕುರುಬನ ಮೇಲೆ ಅಷ್ಟು ಚೆನ್ನಾಗಿ ಪ್ರಸಂಗ ಮಾಡಿದ ಸಭೆಯ ಹಿರಿಯ ದೇವಪ್ರಿಯರದೂ ಅಲುಗಲಿಲ್ಲ.

ಉಳಿದ ದ್ರಾಕ್ಷಾರಸವನ್ನು ಪಾದ್ರಿಯೇ ಮುಗಿಸಬೇಕೆಂಬುದು ನಮ್ಮಲ್ಲಿ ರೂಢಿ. ನನ್ನ ಕೈಗೆ ಬಂದಾಗ ಪಾತ್ರೆ ಮುಕ್ಕಾಲು ಇತ್ತು. ಮಾರ್ತಮ್ಮ ನನ್ನನ್ನೇ ನೋಡುತ್ತಿದ್ದಳು. ಕುಡಿದೆ.

ಆಮೇಲೆ ಬಾಗಿಲ ಬಳಿ ದೇವಪ್ರಿಯರು, "ಅಯ್ಯನವರೇ, ಸಭೆ ನಡೆಸೋರು ಅಂದ್ರೆ ನಿಮ್ಮ ಥರ ಇರ್ಬೇಕು" ಅಂದರು. ಕೈ ಮಾತ್ರ ಹಿಡಿಯಲಿಲ್ಲ, ದೂರದಿಂದಲೇ ಮುಗಿದರು.

ಮನೆಯಲ್ಲಿ ಹೆಂಡತಿ ಕರುಣಮ್ಮ ಮೆಣಸಿನ ಕಷಾಯ ತಂದಿಟ್ಟು, "ನಿಮ್ಗೆ ಭಯ ಆಗ್ಲಿಲ್ವಾ?" ಅಂದಳು.

"ಆಯ್ತು" ಅಂದೆ. ಮಿಕ್ಕದ್ದನ್ನು ಹೇಳಲಿಲ್ಲ. ಪಕ್ಕದಲ್ಲಿ ಇನ್ನೊಬ್ಬರಿದ್ದಿದ್ದರೆ ನಾನೂ ದಾಟಿಸಿಬಿಡುತ್ತಿದ್ದೆ. ಪಾದ್ರಿಯ ಆಚೆಗೆ ಯಾರೂ ಕೂತಿರುವುದಿಲ್ಲ, ಅಷ್ಟೇ.